ಸಾಲಿನಲ್ಲಿ ನಿಂತ ಗೋಣಿ ಸೊಪ್ಪು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಜಪಾನಿನ ಕಾವಾಸಾಕಿಯಲ್ಲಿ ಎಂಟು ವರ್ಷ ಸಂಸಾರ ಮಾಡಿ, ದಿನಕ್ಕೆ ನಲವತ್ತು ಸಲ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದು ಹೇಳಿದರೂ ಅದು ಅಲ್ಲಿಂದ ಇಳಿದಿಲ್ಲ. ಹಾಗಾಗಿ ನನ್ನ ತರಕಾರಿ ತಾಕಿನ ಬಿದಿರುಗೂಟಕ್ಕೆ ಯಾರೋ ಚೀಟಿ ಕಟ್ಟಿ ಹೋಗಿದ್ದನ್ನು ನೋಡಿದ ಬೆಳಿಗ್ಗೆ ನಾನು ಹೇಗಿದ್ದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಚೀಟಿ ಮಳೆಗೆ ನೆನೆಯಬಾರದೆಂದು ಅದಕ್ಕೊಂದು ಪ್ಲಾಸ್ಟಿಕ್ ಕವರು ಬೇರೆ ತೊಡಿಸಿದ್ದರು. ಬೈಗುಳಕ್ಕೂ ರೇನ್‌ಕೋಟು! ಫೋನಿನ ಕ್ಯಾಮೆರಾ ಹಿಡಿದೆ. ಅದು ತನಗೆ ತಿಳಿದಷ್ಟು ಅನುವಾದ ಮಾಡಿತು: "ದಯವಿಟ್ಟು ಹುಲ್ಲನ್ನು ಸಂಹಾರ ಮಾಡಿರಿ. ಎರಡು ವಾರದ ನಂತರ ಭಾನುವಾರ ತಪಾಸಣೆ. ಆಗಲೂ ಹುಲ್ಲು ಇದ್ದರೆ ತಾಕನ್ನು ಹಿಂದಿರುಗಿಸತಕ್ಕದ್ದು."

ಇಲ್ಲಿ ನಗರಪಾಲಿಕೆಯವರು ಊರೊಳಗೆ ಉಳಿದ ಹೊಲವನ್ನು ಸಣ್ಣ ಸಣ್ಣ ತಾಕುಗಳಾಗಿ ಕತ್ತರಿಸಿ, ಲಾಟರಿ ಎತ್ತಿ, ತರಕಾರಿ ಬೆಳೆದುಕೊಳ್ಳಲು ಬಾಡಿಗೆಗೆ ಕೊಡುತ್ತಾರೆ. ಒಂದೊಂದೂ ನಮ್ಮ ಮಲಗುವ ಕೋಣೆಯಷ್ಟೇ ಅಗಲ. ರೈಲು ಹಳಿಯ ಪಕ್ಕದ ಈ ತೋಟದಲ್ಲಿ ನನಗೆ ತಾಕು ಸಿಕ್ಕಿದ್ದು ಮೂರನೆಯ ಸಲ ಅರ್ಜಿ ಹಾಕಿದ ಮೇಲೆ. ಅಲ್ಲಿಯವರೆಗೆ ಈ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದದ್ದು ದಂತವೈದ್ಯರ ಕ್ಲಿನಿಕ್ಕಿನವರು ಮಾತ್ರ. ತಾಕು ಸಿಕ್ಕ ಮೇಲೆ ನಲ್ಲಿಯ ಹತ್ತಿರ ನಾಲ್ಕು ಜನ "ಓ, ಬಂದಿರಾ" ಎನ್ನುವಂತಾದರು. ಅದು ಹೋದರೆ ನನ್ನ ಪಾಲಿನ ಜಪಾನೇ ಹೋದಂತೆ ಎಂದು ನನಗೆ ಅನ್ನಿಸುತ್ತಿತ್ತು.

ಚೀಟಿಯಲ್ಲಿ ಹುಲ್ಲು ಎಂದಿದ್ದು ಯಾವುದಕ್ಕೆ ಗೊತ್ತೇ? ನನ್ನ ಗೋಣಿ ಸೊಪ್ಪು, ಕೀರೆ ಸೊಪ್ಪು, ಚಕ್ಕೋತ ಸೊಪ್ಪಿಗೆ. ನನ್ನ ಅಮ್ಮ ಕೋಲಾರದ ಕಡೆಯವಳು. ಹೊಲದ ಬದುವಿನಲ್ಲಿ ತಾವಾಗಿ ಹುಟ್ಟುವ ಹತ್ತಾರು ಸೊಪ್ಪು ಕಿತ್ತು ತಂದು, ಬೆರಕೆ ಸೊಪ್ಪೆಂದು ಬೇಳೆಯ ಜೊತೆ ಬೇಯಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಮುದ್ದೆಗೆ ಅದಕ್ಕಿಂತ ಬೇರೆ ಬೇಡ. ಇಲ್ಲಿ ಮೊದಲ ಬೇಸಿಗೆಯಲ್ಲೇ ನಾನು ಬಿತ್ತಿದ ಕ್ಯಾರೆಟ್ ಕೈಕೊಟ್ಟಿತು, ಬಿತ್ತದ ಈ ಮೂರು ಸೊಪ್ಪು ಮಾತ್ರ ದಂಡಿಯಾಗಿ ಎದ್ದವು. ಹಣೆಬರಹ ಚೆನ್ನಾಗಿದೆ ಎಂದು ನೀರು ಹಾಕಿ ಸಾಕಿಕೊಂಡೆ. ಅಕ್ಕಪಕ್ಕದವರು ದಾಟುವಾಗ ಯಾಕೆ ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ ಎಂದು ನನಗೆ ಹೊಳೆದಿರಲಿಲ್ಲ.

ಆ ಅಕ್ಕಪಕ್ಕದವರ ಬಗ್ಗೆ ಹೇಳಬೇಕು. ಎಡಗಡೆ ಎಪ್ಪತ್ತು ದಾಟಿದ ಗಂಡ ಹೆಂಡತಿ. ತಾಕಿನ ನಡುವೆ ಒಂದು ಬಿದಿರು ಮಲಗಿಸಿ ಭಾಗ ಮಾಡಿಕೊಂಡಿದ್ದರು. ಆಚೆ ಗಂಡನ ಈರುಳ್ಳಿ, ಈಚೆ ಹೆಂಡತಿಯ ಸೇವಂತಿಗೆ. ಬೆನ್ನಿಗೆ ಬೆನ್ನು ಹಾಕಿ ಮಡಿಸುವ ಕುರ್ಚಿಯಲ್ಲಿ ಕೂತು ಒಂದೇ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು. ಆಕೆಯ ಗಿಡದ ರೆಂಬೆ ಗಡಿ ದಾಟಿದರೆ ಆತನಿಗೆ "ಸುಮಿಮಾಸೆನ್" ಎನ್ನುತ್ತಿದ್ದರು. ಐವತ್ತು ವರ್ಷ ಸಂಸಾರ ಮಾಡಿದವರು! ನಾನಾಗಿದ್ದರೆ ಆ ಬಿದಿರನ್ನು ಬೇರೆ ಕೆಲಸಕ್ಕೆ ಬಳಸುತ್ತಿದ್ದೆ. ಅವರ ಹಿಂದಿನ ತಾಕು ಆಫೀಸಿಗೆ ಹೋಗುವ ಒಬ್ಬ ಹುಡುಗನದು. ಬಿಳಿ ಶರ್ಟು, ಮಡಿಸಿದ ಪ್ಯಾಂಟು, ಕಾಲಿಗೆ ರಬ್ಬರ್ ಬೂಟು, ಸೈಕಲ್ಲಿನ ಬುಟ್ಟಿಯಲ್ಲಿ ಪಾಲಿಶ್ ಮಾಡಿದ ಶೂ. ಬೆಳಿಗ್ಗೆ ರೈಲಿಗೆ ಮುಂಚೆ ಹತ್ತು ನಿಮಿಷ ಬಂದು ಪ್ರತಿ ಎಲೆಯ ಅಡಿಯನ್ನೂ ಎತ್ತಿ ನೋಡುವನು. ಏನೂ ಮುಟ್ಟುವುದಿಲ್ಲ, ಬರೀ ನೋಡುವುದು. ನೋಡಿ, ಗಿಡಗಳಿಗೆ ತಲೆಬಾಗಿಸಿ ಹೋಗುವನು.

ಬಲಗಡೆಯವರು ದಾರದ ತಾತ. ಎದುರಿಗೆ ಅವರ ಹೆಸರಿಗೆ ಗೌರವದ ಸಾನ್ ಸೇರಿಸಿಯೇ ಕರೆಯುತ್ತಿದ್ದೆ. ದಾರದ ತಾತ ಎಂಬುದು ನಮ್ಮ ಮನೆಯೊಳಗಿನ ಹೆಸರು. ನಲವತ್ತು ವರ್ಷ ಕಾರ್ಖಾನೆಯಲ್ಲಿ ಲೇತ್ ಮೇಲೆ ಕಬ್ಬಿಣ ಕಡೆದವರು. ಅವರ ಹತ್ತಿರ ಹದಿನೈದು ಸೆಂಟಿಮೀಟರಿಗೊಂದು ಗಂಟು ಹಾಕಿದ ಒಂದು ನಾರಿನ ದಾರವಿತ್ತು. ಎರಡು ಗೂಟದ ನಡುವೆ ಅದನ್ನು ಎಳೆದು ಕಟ್ಟಿ, ಗಂಟಿಗೊಂದು ಬೀಜ. ಕಳೆ ಕೀಳಲು ಚಿಮಟ. ಕಿತ್ತ ಕಳೆಯ ಬೇರಿಗೆ ಅಂಟಿದ ಮಣ್ಣನ್ನು ಬೆರಳಿನಿಂದ ಮೀಟಿ ಮೀಟಿ ವಾಪಸ್ಸು ನೆಲಕ್ಕೆ ಉದುರಿಸುವರು. ಕೆಲಸ ಮುಗಿದ ಮೇಲೆ ಗುದ್ದಲಿ ತೊಳೆದು, ಒರೆಸಿ, ಎಣ್ಣೆ ಸವರುವರು. ಮನೆಯ ಹೆಂಚಿಗೂ ನಾನು ಅಷ್ಟು ಎಣ್ಣೆ ಸವರಿದವಳಲ್ಲ. ಮನುಷ್ಯನಿಗೆ ಒಂದು ಅಂಗೈ ಮಣ್ಣಿನ ಮೇಲೆ ಇಷ್ಟು ಗಮನ ಇರಲು ಸಾಧ್ಯವೇ ಎಂದು ಬೆರಗಾಗಿ, ಕೈಯಲ್ಲಿ ಪೈಪು ಹಿಡಿದೇ ನಿಂತುಬಿಡುತ್ತಿದ್ದೆ. ಎಷ್ಟೋ ಸಲ ನನ್ನ ಚಪ್ಪಲಿ ನೀರಿನಲ್ಲಿ ತೇಲಿದೆ.

ತಪಾಸಣೆಯ ಕೆಲಸ ವರ್ಷಕ್ಕೊಬ್ಬರಂತೆ, ತಾಕಿನ ಕ್ರಮದಲ್ಲಿ ಪಾಳಿ ಬರುತ್ತಿತ್ತು. ಆ ವರ್ಷದ ಪಾಳಿ ದಾರದ ತಾತನದು. ಅಂದರೆ ಚೀಟಿ ಕಟ್ಟಿದವರೂ ಅವರೇ. ಗೊತ್ತಾದ ತಕ್ಷಣ ಒಂದು ಹಿಡಿ ಗೋಣಿ ಸೊಪ್ಪು ಕಿತ್ತುಕೊಂಡು ಅವರ ಗಡಿಗೆ ಹೋಗಿ ನಿಂತೆ.

"ಇದು ಹುಲ್ಲಲ್ಲ. ಇದು ಊಟ," ಎಂದೆ. ನನ್ನ ಜಪಾನೀ ಭಾಷೆಗೆ ಸಿಟ್ಟು ಬಂದರೆ ವ್ಯಾಕರಣ ಮೊದಲು ಓಡಿಹೋಗುತ್ತದೆ.

"ಊಟವೇ?"

"ಊಟವೇ. ಬೇಯಿಸಿ, ಮಸೆದು..." ಒಗ್ಗರಣೆಗೆ ಪದ ಸಿಗದೆ ಕೈಯಲ್ಲೇ ಸೌಟು ಹಿಡಿದು "ಚುಂಯ್" ಎಂದೆ.

ಅವರು ಸೊಪ್ಪನ್ನು ಬಹಳ ಹೊತ್ತು ನೋಡಿದರು. ಮುಖದಲ್ಲಿ ಏನೂ ಕಾಣಲಿಲ್ಲ. "ಸೋ ದೆಸ್ ಕಾ," ಎಂದಷ್ಟೇ ಹೇಳಿ ಚಿಮಟ ಎತ್ತಿಕೊಂಡರು. ಹೌದಾ, ಎಂದರ್ಥ. ಅಷ್ಟಕ್ಕೇ ಮಾತು ಮುಗಿಯಿತು.

ಮನೆಯಲ್ಲಿ ಗಂಡನ ಮುಂದೆ ಕಾರಿಕೊಂಡೆ. "ಸುಮ್ನೆ ಕಿತ್ತು ಬಿಸಾಕು ಕಣೇ," ಎಂದ. "ಇಲ್ಲಿ ರೂಲ್ಸ್ ಅಂದ್ರೆ ರೂಲ್ಸು. ಪ್ಲಾಟ್ ಹೋದ್ರೆ ವೇಯ್ಟಿಂಗ್ ಲಿಸ್ಟಲ್ಲಿ ಮತ್ತೆ ಲಾಸ್ಟು. ಸೊಪ್ಪು ಬೇಕಂದ್ರೆ ಸೂಪರ್‌ಮಾರ್ಕೆಟ್ಟಲ್ಲಿ ಪಾಲಕ್ ಸಿಗಲ್ವಾ?" ಪಾಲಕ್ಕಂತೆ! ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ನನ್ನನ್ನೇ ಆಡಿಕೊಂಡ. ಆದರೆ ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ತಪಾಸಣೆಯ ಹಿಂದಿನ ಶನಿವಾರ ಸಂಜೆ ಎಲ್ಲ ಕಿತ್ತು ಹಾಕೋಣವೆಂದು ಹೋದೆ. ಎರಡು ಗಿಡ ಕಿತ್ತೆ. ಮೂರನೆಯದಕ್ಕೆ ಅಳು ಬಂತು.

ಆಗ ಗಡಿಯಲ್ಲಿ ಯಾರೋ ನಿಂತಂತಾಯಿತು. ದಾರದ ತಾತ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. "ಒಜಾಮಾ ಶಿಮಾಸ್," ಎಂದರು. ಇನ್ನೊಬ್ಬರ ಮನೆಯ ಹೊಸ್ತಿಲು ದಾಟುವಾಗ ಇಲ್ಲಿಯವರು ಹೇಳುವ ಮಾತದು: ತೊಂದರೆ ಕೊಡುತ್ತಿದ್ದೇನೆ, ಒಳಗೆ ಬರುತ್ತೇನೆ. ನಾನು ತಲೆಯಾಡಿಸಿದ ಮೇಲೆಯೇ ಕಾಲಿಟ್ಟರು. ಕೈಯಲ್ಲಿ ದಾರವಿತ್ತು.

"ನಿಯಮ ಮತ್ತೊಮ್ಮೆ ಓದಿದೆ," ಎಂದರು. "ಹುಲ್ಲು ಎಂದರೆ ಯಾವ ಯಾವ ಗಿಡ ಎಂದು ಅದರಲ್ಲಿ ಬರೆದಿಲ್ಲ. ನೆಟ್ಟದ್ದು ಬೆಳೆ. ತಾನಾಗಿ ಹುಟ್ಟಿದ್ದು ಹುಲ್ಲು. ಆದ್ದರಿಂದ ನೆಡೋಣ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ಅವರು ಗೂಟ ಹೊಡೆದು ದಾರ ಎಳೆದಿದ್ದರು. ನಾನು ಒಂದೊಂದೇ ಗಿಡವನ್ನು ಮಣ್ಣಿನ ಸಮೇತ ಎತ್ತಿ ಕೊಟ್ಟೆ, ಅವರು ಗಂಟಿಗೊಂದರಂತೆ ಕೂರಿಸಿ ಎರಡು ಹೆಬ್ಬೆರಳಿನಿಂದ ಒತ್ತಿದರು. ಗೋಣಿ ಎರಡು ಸಾಲು, ಕೀರೆ ಎರಡು, ಚಕ್ಕೋತ ಒಂದು. ಐದು ಗಂಟೆಗೆ ಊರಿನ ಧ್ವನಿವರ್ಧಕದಲ್ಲಿ ಮಕ್ಕಳನ್ನು ಮನೆಗೆ ಕರೆಯುವ ಹಾಡು ಬಂದಾಗ ಇನ್ನೂ ಅರ್ಧ ಉಳಿದಿತ್ತು. ಎಲ್ಲ ಮುಗಿಸಿ ಎದ್ದು ನೋಡಿದರೆ, ನಮ್ಮಮ್ಮನ ಬದುವಿನ ಸೊಪ್ಪು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿ ನಿಂತಿತ್ತು. ನನಗೆ ನಗುವೂ ಬಂತು, ಮೈ ಜುಮ್ಮೆಂದಿತು ಕೂಡ. ಒಂದು ನಿಯಮವನ್ನು ಮುರಿಯದೆ, ಬಗ್ಗಿಸದೆ, ಅದರೊಳಗೇ ಒಬ್ಬಳಿಗೆ ಜಾಗ ಹುಡುಕುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಉಳಿದುಹೋದ ಗೋಣಿ ಗಿಡಗಳನ್ನು ತೋರಿಸಿ "ಇವನ್ನು ನಾನು ತೆಗೆದುಕೊಳ್ಳಬಹುದೇ?" ಎಂದು ಕೇಳಿದರು. ಅವರ ಊರು ಉತ್ತರದ ಹಿಮದ ನಾಡು. ಅವರ ತಾಯಿ ಬೇಸಿಗೆಯಲ್ಲಿ ಇದೇ ಸೊಪ್ಪನ್ನು ಬೇಯಿಸಿ, ಒಣಗಿಸಿ, ಹೊಸ ವರ್ಷದ ದಿನ ಪಲ್ಯ ಮಾಡುತ್ತಿದ್ದಳಂತೆ. ಹದಿನೈದನೆಯ ವಯಸ್ಸಿಗೆ ಕೆಲಸಕ್ಕೆಂದು ಈ ಕಡೆ ಬಂದಾಗ, ಹಾಸ್ಟೆಲಿನ ಹುಡುಗರು ನಿಮ್ಮೂರಲ್ಲಿ ಹುಲ್ಲು ತಿನ್ನುತ್ತೀರಾ ಎಂದು ನಕ್ಕರಂತೆ.

"ಅವತ್ತಿನಿಂದ ನನಗೂ ಇದು ಹುಲ್ಲಾಯಿತು," ಎಂದರು. "ಎಷ್ಟು ಕಿತ್ತಿದ್ದೇನೋ, ಲೆಕ್ಕವಿಲ್ಲ."

ಬೆಂಗಳೂರಿನ ಶಾಲೆಯಲ್ಲಿ ಮಸ್ಸೊಪ್ಪಿನ ಡಬ್ಬಿಯ ಮುಚ್ಚಳವನ್ನು ಅರ್ಧ ಮಾತ್ರ ತೆರೆದು ಉಣ್ಣುತ್ತಿದ್ದವಳು ನಾನೂ ಹೌದು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ; ನಮ್ಮಿಬ್ಬರಿಗೂ ಅದು ಊಟವೂ ಆಗಿರಲಿಲ್ಲ.

ಮರುದಿನ ತಪಾಸಣೆಗೆ ಬಂದ ದಾರದ ತಾತ ಮಾತ್ರ ಬೇರೆಯೇ ಮನುಷ್ಯ. ತೋಳಿಗೆ ಹಸಿರು ಪಟ್ಟಿ, ಕೈಯಲ್ಲಿ ದಪ್ಪ ರಿಜಿಸ್ಟರು. ನನ್ನನ್ನು ಜನ್ಮದಲ್ಲಿ ನೋಡಿಲ್ಲದವರಂತೆ ತಲೆಬಾಗಿ, "ಬೆಳೆ ಯಾವುದು?" ಎಂದು ಕೇಳಿದರು. ನಾನು ಮೂರು ಹೆಸರು ಹೇಳಿದೆ. ಬರೆದುಕೊಂಡರು. ಸ್ಕೇಲು ತೆಗೆದು, ನಿನ್ನೆ ತಾವೇ ನೆಟ್ಟ ಎರಡು ಗಿಡಗಳ ನಡುವಿನ ಅಂತರವನ್ನು ಅಳೆದರು! ಮತ್ತೇನೋ ಬರೆದರು. ಬಿದಿರುಗೂಟದ ಚೀಟಿ ಬಿಚ್ಚಿಕೊಂಡು ಮುಂದಿನ ತಾಕಿಗೆ ಹೋದರು.

ಮುಂದಿನ ವರ್ಷ ತೋಳಿನ ಪಟ್ಟಿ ನನಗೆ ಬಂತು. ವಸಂತದಲ್ಲಿ ದಾರದ ತಾತ ತಮ್ಮ ತಾಕಿನ ಅಂಚಿನಲ್ಲಿ ಒಂದು ಸಾಲು ಗೋಣಿ ಬಿತ್ತಿದರು, ನನ್ನ ಗಿಡಗಳಿಂದ ಕಟ್ಟಿಟ್ಟ ಬೀಜ. ಹೊಸ ವರ್ಷಕ್ಕೆ ಮಾಡಿದ ಪಲ್ಯದಲ್ಲಿ ಅಮ್ಮನ ಕೈರುಚಿ ಬರಲಿಲ್ಲವೆಂದೂ, ಈ ಸಲ ಒಣಗಿಸುವುದನ್ನು ಸರಿಮಾಡಬೇಕೆಂದೂ ಹೇಳಿದರು. ಅದಾಗಿ ಸ್ವಲ್ಪ ದಿನಕ್ಕೆ ಮನೆಯ ಮೆಟ್ಟಿಲಿನಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದರು. ಮಳೆಗಾಲ ಬಂತು, ಹೋಯಿತು. ಒಂದು ಕಳೆಯೂ ನಿಲ್ಲದಿದ್ದ ಆ ತಾಕಿನಲ್ಲಿ ಹುಲ್ಲು ಮೊಣಕಾಲಿನವರೆಗೆ ಬೆಳೆಯಿತು. ನಲ್ಲಿಯ ಹತ್ತಿರ ಎಲ್ಲರೂ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದರು. ಈಗ ಅದರ ಅರ್ಥ ನನಗೆ ಗೊತ್ತಿತ್ತು.

ಪ್ಲಾಸ್ಟಿಕ್ ಕವರಿನಲ್ಲಿ ಚೀಟಿ ಇಟ್ಟು ಆ ಗೂಟಕ್ಕೆ ಕಟ್ಟಿದವಳು ನಾನೇ. ಕಟ್ಟದೆ ಬಿಟ್ಟಿದ್ದರೆ ಅವರೇ ನನ್ನನ್ನು ಕ್ಷಮಿಸುತ್ತಿರಲಿಲ್ಲ. ಒಬ್ಬರ ತಾಕಿಗೆ ಇನ್ನೊಬ್ಬರು ಕಾಲಿಡುವಂತಿಲ್ಲ, ಅದೂ ನಿಯಮ. ಎರಡು ವಾರ ಮುಗಿಯುತ್ತ ಬಂದಾಗ ರಿಜಿಸ್ಟರಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ.

"ನಿಮ್ಮ ತಾಕಿನೊಳಗೆ ಬರಬಹುದೇ?" ಎಂದು ಕೇಳಿದೆ.

"ದಾರ ನಲ್ಲಿಯ ಕೆಳಗಿನ ತಗಡಿನ ಡಬ್ಬಿಯಲ್ಲಿದೆ," ಎಂದರು. "ಹದಿನೈದು ಸೆಂಟಿಮೀಟರ್."

ಶನಿವಾರ ನಾನೊಬ್ಬಳೇ ಹೋಗಿದ್ದು. ಡಬ್ಬಿ ತೆಗೆಯುವಷ್ಟರಲ್ಲಿ ಬಿಳಿ ಶರ್ಟಿನ ಹುಡುಗ ಬಂದು ನಿಂತ. ಕುರ್ಚಿಯ ದಂಪತಿಗಳೂ ಬಂದರು. ನಾನು ಫೋನಿನ ವಿಷಯ ಹೇಳಿದೆ. ಒಬ್ಬೊಬ್ಬರೂ ಗಡಿಯಲ್ಲಿ ನಿಂತು, ಟೋಪಿ ತೆಗೆದು, ಯಾರೂ ಇಲ್ಲದ ಆ ತಾಕಿಗೆ "ಒಜಾಮಾ ಶಿಮಾಸ್" ಎಂದು ಒಳಗೆ ಕಾಲಿಟ್ಟರು. ಗಂಡ ಹೆಂಡತಿ ತಾಕಿನ ನಡುವೆ ಒಂದು ಬಿದಿರು ಮಲಗಿಸಿಕೊಂಡು ಆಚೆ ಈಚೆ ಕಳೆ ಕಿತ್ತರು. ಹುಡುಗ ಹುಲ್ಲಿನ ಅಡಿಯನ್ನು ಎಲೆ ಎಲೆಯಾಗಿ ಎತ್ತಿ ನೋಡಿ, ಮುಚ್ಚಿಹೋಗಿದ್ದ ಗೋಣಿಯ ಸಾಲನ್ನು ಹುಡುಕಿ ಕೊಟ್ಟ. ಅಷ್ಟು ದಿನ ಬರೀ ನೋಡಿದ ಕಣ್ಣು ಅವತ್ತು ಕೆಲಸಕ್ಕೆ ಬಂತು. ಹನ್ನೊಂದು ಗಿಡ ಸತ್ತಿದ್ದವು. ನನ್ನ ತಾಕಿನಿಂದ ಹನ್ನೊಂದು ತಂದು, ಗಂಟಿಗೊಂದರಂತೆ ಕೂರಿಸಿ, ಎರಡು ಹೆಬ್ಬೆರಳಿನಿಂದ ಒತ್ತಿದೆ. ಕಿತ್ತ ಕಳೆಯ ಬೇರಿನ ಮಣ್ಣನ್ನು ನಾವು ನಾಲ್ವರೂ ಮೀಟಿ ಮೀಟಿ ಉದುರಿಸಿದೆವು. ಯಾರೂ ಹೇಳಿಕೊಟ್ಟಿರಲಿಲ್ಲ.

ಭಾನುವಾರ ತೋಳಿಗೆ ಪಟ್ಟಿ ಕಟ್ಟಿ ಅವರ ತಾಕಿನ ಮುಂದೆ ನಿಂತೆ. ಚೀಟಿ ಬಿಚ್ಚಿದೆ. ಬೆಳೆಯ ಕಾಲಮ್ಮಿನಲ್ಲಿ ಗೋಣಿಯ ಜಪಾನೀ ಹೆಸರು ಬರೆದೆ. ಹೇಗೆ ಭರ್ತಿ ಮಾಡುವುದೆಂದು ನೋಡಲು ಹಿಂದಿನ ವರ್ಷದ ಪುಟ ತಿರುವಿದೆ. ಅವರ ಅಕ್ಷರ, ಅಚ್ಚು ಹಾಕಿದ ಹಾಗೆ. ಪುಟದಲ್ಲಿ ಎಲ್ಲ ತಾಕುಗಳ ಎದುರು ಷರಾ ಕಾಲಮ್ಮು ಖಾಲಿಯಿತ್ತು. ನನ್ನದರ ಎದುರು ಮಾತ್ರ ಎರಡು ಸಾಲು ಇತ್ತು. ಓದಲು ಬರಲಿಲ್ಲ. ಫೋನಿನ ಕ್ಯಾಮೆರಾ ಹಿಡಿದೆ.

"ಇದು ತಿನ್ನುವ ಸೊಪ್ಪು. ಇನ್ನು ಮುಂದೆ ಯಾವ ವರ್ಷದ ತಪಾಸಣೆಯವರೂ ಕೀಳಿಸಬಾರದು."

ಹಿಂದಿನ ವರ್ಷದ ಪುಟವನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಅವರ ಆ ಅಕ್ಷರಗಳನ್ನು ಒಂದೊಂದಾಗಿ ನೋಡಿಕೊಂಡು, ಅವರ ತಾಕಿನ ಎದುರೂ ಅದನ್ನೇ ಬರೆದೆ.