ಅತ್ತಿಗೆ ಬರೆದ ಬೋರ್ಡು

ನಮ್ಮತ್ತಿಗೆ ಬೋರ್ಡು ಬರೆಯುವವಳು. ಅಣ್ಣನ ಹೆಂಡತಿ ಎಂದು ಹೊಗಳುತ್ತಿಲ್ಲ. ಈ ಬೀದಿಯ ಹೊಲಿಗೆಯಂಗಡಿ, ಔಷಧದಂಗಡಿ, ಹಲ್ಲಿನ ಡಾಕ್ಟರು, ಎಲ್ಲರ ಹೆಸರೂ ಅವಳ ಕೈಯಲ್ಲೇ ಮೂಡಿದ್ದು. ಮಷಿನ್ನು ಅಚ್ಚೊತ್ತಿ ಬಿಸಾಡುವ ಈ ಕಾಲದಲ್ಲೂ ಬ್ರಷ್ ಹಿಡಿದು ಬದುಕುತ್ತಾಳೆಂದರೆ ಸುಮ್ಮನೆಯೇ? ಮೆಟ್ಟಿಲ ಕೆಳಗಿನ ಇಕ್ಕಟ್ಟಿನಲ್ಲೇ ಅವಳ ಕೆಲಸ, ಬಣ್ಣದ ವಾಸನೆ ಮಾತ್ರ ಇಡೀ ಮನೆಗೆ.

ಬಸ್ ಸ್ಟಾಪಿನ ಎದುರು ಹೊಸದೊಂದು ಹಣದ ಸಂಸ್ಥೆ ಬಂತು. ಎಲ್ಲ ಶಾಖೆಗಳ ಬೋರ್ಡೂ ನಿಮಗೇ ಎಂದ ಮ್ಯಾನೇಜರು. ಅತ್ತಿಗೆಯ ಕಣ್ಣ ಮುಂದೆ ಸ್ವಂತದ ಶೆಡ್ಡೊಂದು ಎದ್ದು ನಿಂತಿತು. ಅಮ್ಮನಂತೂ ಬೀದಿಗೆಲ್ಲ ಸಾರಿಬಿಟ್ಟಳು: "ನಮ್ಮ ಸೊಸೆ ಬರೀತಿರೋ ಬ್ಯಾಂಕು! ನನ್ನ ದುಡ್ಡೆಲ್ಲ ಅಲ್ಲೇ ಇಡೋದು."

ಮ್ಯಾನೇಜರು ಕೊಟ್ಟ ಒಕ್ಕಣೆಯ ಕೊನೆಗೊಂದು ಸಾಲಿತ್ತು: ‘ಇದು ಬ್ಯಾಂಕ್ ಅಲ್ಲ. ಇಲ್ಲಿಟ್ಟ ಹಣಕ್ಕೆ ಸರ್ಕಾರದ ಭದ್ರತೆ ಇಲ್ಲ.’

"ಇದನ್ನ ಕೆಳಗೆ ಮೂಲೇಲಿ, ಇರುವೆ ಸಾಲಿನ ಹಾಗೆ ಬರೀರಿ."

"ಯಾಕ್ ಸಾರ್?"

ಅವನು ನಕ್ಕ. "ಬ್ಯಾಂಕಿಗಿರೋ ಕಟ್ಟುಪಾಡು ನಮಗಿಲ್ಲ. ನಾವು ಠೇವಣಿ ಅನ್ನಲ್ಲ, ಸದಸ್ಯರ ಪಾಲು ಅಂತೀವಿ. ಈ ಸಾಲು ಬೋರ್ಡಲ್ಲಿ ಇರ್ಬೇಕು ಅಂತ ಕಾನೂನು. ಎಷ್ಟು ದೊಡ್ಡದಿರ್ಬೇಕು ಅಂತ ಎಲ್ಲೂ ಹೇಳಿಲ್ಲ."

ಅತ್ತಿಗೆ ಮನೆಗೆ ಬಂದು ಅಮ್ಮನಿಗೆ ಬಿಡಿಸಿ ಹೇಳಿದಳು. ಅಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ. "ಹೋಗೇ, ನೀನು ಬರೆದ ಬೋರ್ಡು ಸುಳ್ಳು ಹೇಳುತ್ತಾ?" ಎಂದಳು. ಅತ್ತಿಗೆಯ ಮುಖ ಸಪ್ಪಗಾಯಿತು.

ಮಾರನೆಯ ದಿನ ಏಣಿ ಹತ್ತಿದಳು. ಸಂಸ್ಥೆಯ ಹೆಸರು ಎಷ್ಟು ಎತ್ತರವೋ ಆ ಕೊನೆಯ ಸಾಲೂ ಅಷ್ಟೇ ಎತ್ತರ, ಬಣ್ಣ ಬೇರೆ ಕೆಂಪು. ಹೊರಗೆ ಬಂದ ಮ್ಯಾನೇಜರು ಕೆಂಡಾಮಂಡಲವಾದ. "ಯಾರ್ರೀ ಹೇಳಿದ್ದು ಇಷ್ಟು ದೊಡ್ಡದಾಗಿ ಬರಿಯೋಕೆ?"

"ಎಷ್ಟು ದೊಡ್ಡದಿರ್ಬೇಕು ಅಂತ ಎಲ್ಲೂ ಹೇಳಿಲ್ಲವಲ್ಲ ಸಾರ್," ಎಂದಳು ಅತ್ತಿಗೆ, ಬ್ರಷ್ ಒರೆಸುತ್ತಾ.

ಕೂಲಿ ಬರಲಿಲ್ಲ. ಉಳಿದ ಶಾಖೆಗಳ ಕೆಲಸ ಕೈತಪ್ಪಿತು, ಶೆಡ್ಡಿನ ಆಸೆಯೂ ಹೋಯಿತು. ಸಂಜೆಯೊಳಗೆ ಆ ಸಾಲಿನ ಮೇಲೆ ಬಿಳಿ ಬಣ್ಣ ಬಳಿಸುತ್ತಾರೆಂದೂ ಅವಳಿಗೆ ಗೊತ್ತಿತ್ತು. ಆದರೆ ಅಷ್ಟರಲ್ಲಿ ಅಮ್ಮ, ಪೋಸ್ಟಾಫೀಸಿನಿಂದ ಬಿಡಿಸಿಕೊಂಡ ದುಡ್ಡಿನ ಚೀಲ ಕಂಕುಳಲ್ಲಿ ಅವುಚಿಕೊಂಡು, ನನ್ನ ಜೊತೆ ಬಸ್ಸಿಳಿದಿದ್ದಳು. ರಸ್ತೆಯ ಈಚೆಯಿಂದಲೇ ತಲೆಯೆತ್ತಿ, ಕನ್ನಡಕವಿಲ್ಲದೆ, ಒಂದೊಂದೇ ಪದ ಓದಿದಳು. ಸ್ಟಾಪಿನಲ್ಲಿ ನಿಂತವರೆಲ್ಲ ಓದಿದರು. ಅತ್ತಿಗೆ ಏಣಿ ಹೆಗಲಿಗೇರಿಸಿ ನಮ್ಮತ್ತ ಬರುತ್ತಿದ್ದಳು.

ಅಮ್ಮ ಚೀಲವನ್ನು ನನ್ನ ಕೈಗೆ ತುರುಕಿ, ಏಣಿಯ ಇನ್ನೊಂದು ತುದಿಗೆ ತಾನೇ ಹೆಗಲು ಕೊಟ್ಟಳು.

"ನಡಿಯೇ, ಮನೆಗೆ ಹೋಗೋಣ."