ಕೆಂಪು ಗೆರೆಯ ಕೆಳಗಿನ ನಂಬರು

ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಮೇಡಂ ಅವರ ತುರುಬಿನಲ್ಲಿ ಕನಕಾಂಬರದ ಜೊತೆಗೆ ಒಂದು ಕೆಂಪು ಪೆನ್ನೂ ಇರುತ್ತಿತ್ತು. ನಂಜನಗೂಡಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಟಿ. ನರಸೀಪುರದಲ್ಲಿ ಇಳಿಯುವ ಹೊತ್ತಿಗೆ ಹೂವು ಬಾಡಿರುತ್ತಿತ್ತು, ಪೆನ್ನು ಮಾತ್ರ ಹಾಗೇ ನೆಟ್ಟಗಿರುತ್ತಿತ್ತು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಾನು ಅದೇ ಕಾಲೇಜಿನ ಆಫೀಸಿಗೆ ಹೊಸದಾಗಿ ಸೇರಿದ್ದ ಹಂಗಾಮಿ ಗುಮಾಸ್ತ. ಆ ಪೆನ್ನು ತುರುಬಿನಿಂದ ಈಚೆ ಬಂತೆಂದರೆ ಪ್ರಿನ್ಸಿಪಾಲರೂ ಮಾತು ಕಡಿಮೆ ಮಾಡುತ್ತಿದ್ದರು.

ಕಾಲೇಜಿಗೆ ಆಗಷ್ಟೇ ಇಂಟರ್ನೆಟ್ ಬಂದಿತ್ತು. ಯಾರೋ ಎಲ್ಲಿಂದಲೋ ತಂದ ಕಂಪ್ಯೂಟರನ್ನು ಲ್ಯಾಬಿನ ವೈರಿಗೆ ಸಿಕ್ಕಿಸಿ, ಅದರ ವೈರಸ್ಸು ಎಲ್ಲ ಮೆಷಿನ್ನುಗಳಿಗೂ ಹತ್ತಿ, ಮೇಡಂ ಹದಿನೈದು ದಿನ ಒದ್ದಾಡಿದ್ದರು. ಅವತ್ತಿನಿಂದ ಒಂದು ಕಾನೂನು ಬಂತು. ಪ್ರತಿ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿಗೂ ಕಾರ್ಖಾನೆಯಲ್ಲೇ ಕೊಟ್ಟ ಹನ್ನೆರಡು ಅಕ್ಷರದ ಒಂದು ನಂಬರು ಇರುತ್ತದೆ. ಅದನ್ನು ಮೇಡಂ ತಮ್ಮ ಉದ್ದನೆಯ ರಿಜಿಸ್ಟರಿನಲ್ಲಿ ಬರೆದುಕೊಂಡು, ಎಲ್ಲ ಮೆಷಿನ್ನುಗಳಿಗೂ ಇಂಟರ್ನೆಟ್ ಹಂಚುವ ಗೋಡೆಯ ಮೇಲಿನ ಪೆಟ್ಟಿಗೆಗೂ ಹೇಳಿಕೊಡುತ್ತಿದ್ದರು. ಪೆಟ್ಟಿಗೆಗೆ ಗೊತ್ತಿಲ್ಲದ ನಂಬರು ಬಂದರೆ ಒಳಗೆ ಬಿಡುತ್ತಿರಲಿಲ್ಲ, ಅಷ್ಟೇ.

ಒಮ್ಮೆ ಆಡಳಿತ ಮಂಡಳಿಯವರೊಬ್ಬರ ಅಳಿಯ ಮೈಸೂರಿನಿಂದ ಫಳಫಳ ಹೊಳೆಯುವ ಲ್ಯಾಪ್‌ಟಾಪ್ ತಂದು ವೈರು ಸಿಕ್ಕಿಸಿದರು. ಏನೂ ಬರಲಿಲ್ಲ.

"ಏನ್ ಮೇಡಂ, ನಿಮ್ಮ ವೈರ್ ಸರಿಯಿಲ್ವಾ?"

"ವೈರ್ ಸರಿಯಾಗಿದೆ ಸಾರ್. ರಿಜಿಸ್ಟರ್‌ನಲ್ಲಿ ಬರೆಸ್ಬೇಕು."

"ನಾನ್ಯಾರು ಗೊತ್ತಾ ನಿಮಗೆ?"

"ನೀವು ಗೊತ್ತು ಸಾರ್. ಅದು ಗೊತ್ತಿಲ್ಲ," ಎಂದು ಲ್ಯಾಪ್‌ಟಾಪಿನ ಕಡೆ ಬೆರಳು ತೋರಿಸಿದರು. ಆ ಮಹಾನುಭಾವರು ಗುರ್ ಅನ್ನುತ್ತಲೇ ಸಹಿ ಹಾಕಿದರು. ಬಾಗಿಲ ಹಿಂದೆ ನಿಂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಅವತ್ತಿನಿಂದಲೇ ನಾನು ಮೇಡಂ ಕಡೆಯವನಾಗಿಬಿಟ್ಟೆ!

ಕೆಟ್ಟುಹೋದ ಮೆಷಿನ್ನಿನ ನಂಬರನ್ನು ಅವರು ಸ್ಕೇಲಿಟ್ಟು ಒಂದೇ ಒಂದು ಕೆಂಪು ಗೆರೆ ಎಳೆದು ಹೊಡೆದುಹಾಕುತ್ತಿದ್ದರು. ನಾನೊಮ್ಮೆ ಸಹಾಯ ಮಾಡಲು ಹೋಗಿ ಒಂದು ಸಾಲಿನ ಮೇಲೆ ಗೀಚಿಬಿಟ್ಟಾಗ ಕೈ ಹಿಡಿದುಕೊಂಡರು. "ಹೊಡೆದುಹಾಕೋದು ಅಂದ್ರೆ ಅಳಿಸೋದಲ್ಲ ಕಣಪ್ಪ. ಕೆಳಗಿರೋದು ಓದೋ ಹಾಗಿರ್ಬೇಕು. ಯಾವತ್ತಾದ್ರೂ ಬೇಕಾಗತ್ತೆ." ಸತ್ತ ಮೆಷಿನ್ನಿನ ನಂಬರು ಯಾರಿಗೆ ಬೇಕಪ್ಪಾ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಬೇಕಾಗಿದ್ದು ನನಗೇ.

ಆ ವರ್ಷ ಆಯುಧಪೂಜೆಗೆ ಮೇಡಂ ಕಾಲು ಉಳುಕಿಸಿಕೊಂಡು ರಜೆಯಲ್ಲಿದ್ದರು. ನನ್ನ ಉತ್ಸಾಹಕ್ಕೆ ತಡೆಯೇ ಇರಲಿಲ್ಲ. ಹೊರಗೆ ಒರೆಸಿದರೆ ಸಾಲದೆಂದು ಆಫೀಸಿನ ಕಂಪ್ಯೂಟರಿನ ಮುಚ್ಚಳವನ್ನೇ ಬಿಚ್ಚಿ, ಒಳಗಿನ ಕಾರ್ಡು ಕಿತ್ತು, ಬ್ರಷ್ಷಿನಲ್ಲಿ ಧೂಳು ಹೊಡೆದೆ. ಸೋಸಲೆಯಿಂದ ಬರುತ್ತಿದ್ದ ನಮ್ಮ ಅಟೆಂಡರು ಮೂಲೆಯಲ್ಲಿದ್ದ ಸತ್ತ ಕಂಪ್ಯೂಟರನ್ನೂ ಎತ್ತಿಕೊಂಡು ಬಂದರು. "ಇದೂ ಇಸ್ಟು ವರ್ಸ ದುಡುದದೆ ಕಣ್ ಸಾ. ಇದ್ಕೂ ಒಂದು ಬೊಟ್ಟು ಇಕ್ಬುಡವ, ಪಾಪ." ಸರಿಯೆಂದು ಅದನ್ನೂ ಬಿಚ್ಚಿದೆ, ಅದರ ಕಾರ್ಡನ್ನೂ ಒರೆಸಿದೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕುಂಕುಮ ಹಚ್ಚಿದೆ. ಬೂದುಗುಂಬಳಕಾಯಿ ಒಡೆದು, ಪುರಿ ಹಂಚಿ, ಕಾರ್ಡುಗಳನ್ನು ವಾಪಸು ಸಿಕ್ಕಿಸಿ ಮನೆಗೆ ಹೋದೆ.

ದಸರಾ ರಜೆ ಮುಗಿಸಿ ನಾನು ಬಂದ ದಿನ ಕೊನೆಯ ವರ್ಷದ ಮಕ್ಕಳ ಪರೀಕ್ಷೆಯ ಪಟ್ಟಿಯನ್ನು ವಿಶ್ವವಿದ್ಯಾಲಯಕ್ಕೆ ಕಳಿಸಲು ಕಡೇ ದಿನ. ಸಂಜೆ ಐದರೊಳಗೆ ಹೋಗದಿದ್ದರೆ ಅವರು ಪರೀಕ್ಷೆಗೆ ಕೂರುವಂತಿಲ್ಲ. ಪಟ್ಟಿ ಕಳಿಸುವ ತಂತ್ರಾಂಶ ಇದ್ದದ್ದು ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ. ಊಟ ಮುಗಿಸಿ ಬಂದು ಒತ್ತಿದೆ. ಸಂಪರ್ಕವಿಲ್ಲ. ಮತ್ತೆ ಒತ್ತಿದೆ. ಇಲ್ಲ. ಲ್ಯಾಬಿನ ಮೆಷಿನ್ನುಗಳೆಲ್ಲ ಜುಮ್ಮೆಂದು ನಡೆಯುತ್ತಿವೆ, ನನ್ನದೊಂದೇ ಹೊರಗೆ! ಪೆಟ್ಟಿಗೆಯ ಪಾಸ್‌ವರ್ಡ್ ಗೊತ್ತಿದ್ದದ್ದು ಮೇಡಂಗೆ ಮಾತ್ರ. ನಾಲ್ಕು ಗಂಟೆಗೆ ನಂಜನಗೂಡಿಗೆ ಫೋನು ಮಾಡಿದೆ.

"ಮೇಡಂ, ಪಾಸ್‌ವರ್ಡ್ ಹೇಳಿ, ದಮ್ಮಯ್ಯ ಅಂತೀನಿ!"

"ಮೊದ್ಲು ಆ ಮೆಷಿನ್ನಿನ ನಂಬರ್ ಓದಿ."

ನಂಬರು ತೋರಿಸುವ ಕಪ್ಪು ಪರದೆ ತೆರೆದು ಓದಿದೆ. ಕೊನೆಯ ನಾಲ್ಕು ಅಕ್ಷರ ಏಳು, ಇ, ನಾಲ್ಕು, ಬಿ. ರಿಜಿಸ್ಟರ್ ತರಿಸಿ ನೋಡಿ ಎಂದರು; ನೋಡಿ, ಕೆಂಪು ಗೆರೆಯ ಕೆಳಗೆ ಇದೇ ನಂಬರು ಇದೆ ಎಂದೆ.

"ಇದು ಆಫೀಸಿಂದಲ್ಲ. ನಾನು ಹೋದ ವರ್ಷ ಕೆಂಪು ಗೆರೆ ಎಳೆದಿದ್ದು ಇದು, ಮೂಲೇಲಿ ಕೂತಿರೋದು. ನಿಜ ಹೇಳಿ, ಪೂಜೆ ದಿನ ಡಬ್ಬ ಬಿಚ್ಚಿದ್ರಾ?"

"ಬಿಚ್ಚಿದೆ ಮೇಡಂ. ಎರಡನ್ನೂ."

"ಅದಲುಬದಲು ಮಾಡಿದ್ದೀರಿ. ಪಾಸ್‌ವರ್ಡ್ ಬೇಕಾಗಿಲ್ಲ. ನಿಮ್ಮ ಕಾರ್ಡು ಆ ಸತ್ತ ಮೆಷಿನ್ನಲ್ಲಿ ಕೂತಿದೆ. ಹೋಗಿ ಈಚೆ ತೆಗೀರಿ. ಓಡ್ಬೇಡಿ, ನಡ್ಕೊಂಡು ಹೋಗಿ!"

ಓಡಿದೆ. ಅಟೆಂಡರು ಸ್ಕ್ರೂಡ್ರೈವರ್ ಹಿಡಿದು ನನ್ನ ಹಿಂದೆಯೇ ಓಡಿದರು. ಮುಚ್ಚಳ ತೆಗೆದರೆ ಕಾರ್ಡಿನ ಅಂಚಿನಲ್ಲಿ ನಾನೇ ಹಚ್ಚಿದ ಕುಂಕುಮ! ಕಿತ್ತು ತಂದು, ಸಿಕ್ಕಿಸಿ, ವೈರು ಚುಚ್ಚಿ ಕಾದೆವು. ಹಿಂದಗಡೆ ಹಸಿರು ದೀಪ ಮಿಣಮಿಣ ಶುರುವಾಯಿತು. "ಅತ್ಕತ್ತು ಸಾ! ಅತ್ಕತ್ತು!" ಎಂದು ಅಟೆಂಡರು ಕೂಗಿದ ಕೂಗಿಗೆ ಪಾಠ ಮಾಡುತ್ತಿದ್ದ ಮೇಷ್ಟರೊಬ್ಬರು ಹೊರಗೆ ಬಂದು ನೋಡಿದರು. ಪಟ್ಟಿ ಹೋಗಿ ಮುಟ್ಟಿದಾಗ ಐದಕ್ಕೆ ಹನ್ನೆರಡು ನಿಮಿಷವಿತ್ತು. ಮೇಜಿನ ಮೇಲೆ ಬಿಟ್ಟು ಓಡಿದ್ದ ಫೋನನ್ನು ಇಡುವುದನ್ನೇ ಮರೆತಿದ್ದೆ. ಆ ಕಡೆಯಿಂದ ಮೇಡಂ ನಗುತ್ತಿದ್ದರು.

ವಾರದ ನಂತರ ಕುಂಟುತ್ತಾ ಬಂದ ಮೇಡಂ ಮೊದಲು ರಿಜಿಸ್ಟರ್ ತೆಗೆದರು. ಹಂಗಾಮಿ ನೌಕರನ ಇಂಥ ತಪ್ಪು ಬರಹಕ್ಕಿಳಿದರೆ ಮನೆಗೆ ಕಳಿಸುವುದು ಎಷ್ಟು ಹೊತ್ತಿನ ಕೆಲಸ? ಕಾರಣ ಎಂಬ ಅಂಕಣದಲ್ಲಿ ಅವರು ಬರೆದದ್ದು "ಆಯುಧಪೂಜೆ" ಎಂದಷ್ಟೇ. ಸರಿಪಡಿಸಿದವರು ಎಂಬಲ್ಲಿ ಅಲ್ಲಿಯತನಕ ಅವರ ಹೆಸರೊಂದೇ ಇತ್ತು. ಅವತ್ತು ನನ್ನ ಹೆಸರು ಬರೆದರು. ಮುಂದೆ ನನ್ನ ಕೆಲಸ ಕಾಯಂ ಆಗಿ, ಅವರು ನಿವೃತ್ತರಾಗುವಾಗ ಪ್ರಿನ್ಸಿಪಾಲರ ಮುಂದೆ ಆ ಸಾಲನ್ನೇ ತೋರಿಸಿ ಲ್ಯಾಬನ್ನು ನನ್ನ ಕೈಗಿತ್ತರು.

ನಿವೃತ್ತಿಯ ಮೇಲೆ ಒಮ್ಮೆ ಮಗಳ ಹಳೆಯ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು, ಪಿಂಚಣಿಯ ಯಾವುದೋ ಕಾಗದ ನೋಡಬೇಕೆಂದರು. ಕಾದಿದ್ದವನಂತೆ ರಿಜಿಸ್ಟರನ್ನು ಮುಂದಿಟ್ಟೆ. "ಬರೆಸಿ ಮೇಡಂ. ನೀವು ಗೊತ್ತು, ಅದು ಗೊತ್ತಿಲ್ಲ." ಹೊಟ್ಟೆ ಹಿಡಿದುಕೊಂಡು ನಕ್ಕು, ತುರುಬಿನ ಪೆನ್ನು ತೆಗೆದು ಸಹಿ ಹಾಕಿದರು. ಹೋಗುವಾಗ ಆ ಪೆನ್ನನ್ನು ನನ್ನ ಮೇಜಿನ ಮೇಲೆ ಮರೆತರೋ, ಬಿಟ್ಟೇ ಹೋದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮಾರನೆಯ ವರ್ಷ ಅವರು ತೀರಿಕೊಂಡರು. ನಂಜನಗೂಡಿಗೆ ಹೋಗಿ ಬಂದೆ. ಆ ಲ್ಯಾಪ್‌ಟಾಪೂ ಕೆಟ್ಟು ಮೂಲೆ ಸೇರಿದೆಯೆಂದು ಅವರ ಮಗಳು ಹೇಳಿದರು. ಇಲ್ಲದ ಮೆಷಿನ್ನಿನ ಸಾಲನ್ನು ಉಳಿಸಿಕೊಳ್ಳಬಾರದು. ನಾಲ್ಕು ದಿನ ರಿಜಿಸ್ಟರ್ ತೆರೆಯಲು ಮನಸ್ಸು ಬರಲಿಲ್ಲ. ಐದನೆಯ ದಿನ ಸ್ಕೇಲಿಟ್ಟು, ಅವರದೇ ಪೆನ್ನಿನಲ್ಲಿ, ಒಂದೇ ಒಂದು ಗೆರೆ ಎಳೆದೆ. ಕೆಳಗಿನ ಹನ್ನೆರಡು ಅಕ್ಷರವೂ, ಅವರ ಸಹಿಯೂ ಚೆನ್ನಾಗಿ ಓದಲು ಬರುತ್ತವೆ.