ದೆವ್ವ ಬರುವಾಗ ದಾರ ಕೆಳಗಿಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಮಗ್ಗುಲ ಓಣಿಯಲ್ಲಿ ಮುನೀರ್ ಅವರ ಹೂವಿನ ಅಂಗಡಿ, ಅದರ ಹಿಂದೆ ಒಂದು ತಗಡಿನ ಮಾಡು. ಒದ್ದೆ ಗೋಣಿಚೀಲಗಳ ಮೇಲೆ ಹಳದಿ ಸೇವಂತಿಗೆಯ ರಾಶಿ ಬಿದ್ದಿದೆ. ಸುತ್ತ ಆರು ಹೆಂಗಸರು ಕಾಲು ಚಾಚಿ ಕೂತು ಹೂ ಕಟ್ಟುತ್ತಿದ್ದಾರೆ. ಏಳನೆಯವರು ಕಟ್ಟುತ್ತಿಲ್ಲ. ಟ್ಯೂಬ್‌ಲೈಟಿನ ನೇರ ಕೆಳಗೆ, ಮಗುಚಿದ ಬುಟ್ಟಿಯ ಮೇಲೆ ಕೂತು, ರಟ್ಟು ಕಿತ್ತುಹೋದ ಕಾದಂಬರಿಯೊಂದನ್ನು ಗಟ್ಟಿಯಾಗಿ ಓದುತ್ತಿದ್ದಾರೆ.

"ನರ್ಸು ಮೆಟ್ಟಿಲ ಮೇಲೆ ನಿಂತಳು. ಕೆಳಗೆ ಹೊಲಿಗೆ ಯಂತ್ರ ತಿರುಗುವ ಸದ್ದು. ಅದನ್ನು ತುಳಿಯುತ್ತಿದ್ದ ದರ್ಜಿ ಸತ್ತು ಮೂರು ವರ್ಷವಾಗಿತ್ತು..."

"ಯಾ ಅಲ್ಲಾ," ಎನ್ನುತ್ತಾರೆ ಚಾಂದ್ ಬೀ. ಕೈ ಮಾತ್ರ ನಿಲ್ಲುವುದಿಲ್ಲ.

ಓದುವವರ ಹೆಸರು ಸಾಬಮ್ಮ. ವಯಸ್ಸು ನಲವತ್ತರ ಆಸುಪಾಸು. ಹಲಸೂರಿನ ಒಂದು ಬಾಡಿಗೆ ಕೋಣೆಯಿಂದ ಮೊದಲ ಬಸ್ಸು ಹಿಡಿದು ಬರುತ್ತಾರೆ. ಅವರ ಕೆಲಸಕ್ಕೆ ಈ ಮಾರುಕಟ್ಟೆಯಲ್ಲಿ ಹೆಸರೇ ಇಲ್ಲ. ಆದರೆ ಕೂಲಿ ಇದೆ, ಅದೂ ಹೂವಿನ ಲೆಕ್ಕದಲ್ಲಿ. ಎರಡೂ ಕೈ ಚಾಚಿದಷ್ಟು ಉದ್ದದ ಹೂಮಾಲೆಗೆ ಇಲ್ಲಿ ಒಂದು ಮಾರು ಎನ್ನುತ್ತಾರೆ. ದಿನಕ್ಕೆ ಒಬ್ಬೊಬ್ಬರೂ ಒಂದು ಮಾರು ಕಟ್ಟಿ ಸಾಬಮ್ಮನ ಬುಟ್ಟಿಗೆ ಹಾಕುತ್ತಾರೆ. ಮುನೀರ್ ಅದನ್ನು ಸಾಬಮ್ಮನೇ ಕಟ್ಟಿದ್ದೆಂದು ಎಣಿಸಿ ಹಣ ಕೊಡುತ್ತಾರೆ.

ವರ್ಷವಿಡೀ ಓದು ನಡೆಯುತ್ತದೆ. ಅತ್ತೆ ಸೊಸೆಯ ಕಥೆ, ಪ್ರೇಮದ ಕಥೆ, ಕಳ್ಳರನ್ನು ಹಿಡಿಯುವ ಕಥೆ. ಆದರೆ ಗಣಪತಿ ನೀರಿಗೆ ಹೋದ ದಿನದಿಂದ ದೀಪಾವಳಿಯವರೆಗೆ ಬರೀ ದೆವ್ವ. ಹೊಲದಲ್ಲಿ ಹದ ನೋಡಿ ಬಿತ್ತುವ ಹಾಗೆ ಇದಕ್ಕೂ ಒಂದು ಕಾಲವಿದೆ ಎಂಬುದು ಇವರೆಲ್ಲರ ನಂಬಿಕೆ. ಸಂಜೆಯ ಮಳೆ ರಾತ್ರಿಗೆ ಬಿಟ್ಟಿರುತ್ತದೆ, ಮುಂಜಾನೆಯ ಮಂಜು ಓಣಿಯ ಬಾಯಿಗೆ ಬಂದು ನಿಂತಿರುತ್ತದೆ. ಗುಂಪಿನ ಹಿರಿಯರಾದ ಪಟಾಲಮ್ಮ ಕಾರಣ ಕೊಡುತ್ತಾರೆ: "ಪಿತೃಪಕ್ಷದಲ್ಲಿ ಮದ್ವೆ ಇಲ್ಲ, ಗೃಹಪ್ರವೇಶ ಇಲ್ಲ. ಹೂವೂ ಕಮ್ಮಿ. ಎಡೆ ಇಕ್ಕುದ್ರೆ ಸತ್ತೋರು ಮನೆಗೇ ಬರ್ತಾರೆ. ಪುಸ್ತಕದಲ್ಲಿ ಬಂದ್ರೆ ಏನಂತೆ?"

ಪಟಾಲಮ್ಮನವರದು ಕೆ.ಆರ್. ಪುರದ ಕಡೆಯ ಹಳೆಯ ಒಕ್ಕಲು ಮನೆತನ. ಅವರ ಹೂದೋಟವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿವೆ. "ಬಾಡ್ಗೆ ನನ್ ಮಗ ನೋಡ್ಕೊತಾನೆ. ಹೂವು ಮುಟ್ಟದಿದ್ರೆ ನಂಗೆ ಕೈ ಕಡೀತದೆ," ಎಂದು ಇಲ್ಲಿಗೆ ಬರುತ್ತಾರೆ. ಸಾಬಮ್ಮನನ್ನು ಓದಲು ಹಚ್ಚಿದವರೂ ಅವರೇ.

ಸಾಬಮ್ಮ ಯಾದಗಿರಿ ಸೀಮೆಯವರು. ಓದಿದ್ದು ಏಳನೇ ತರಗತಿ. ಕಥೆ ಹೇಳುವುದನ್ನು ಕಲಿತದ್ದು ಹತ್ತಿ ಹೊಲದಲ್ಲಿ. "ನಮ್ಮವ್ವ ಹತ್ತಿ ಬಿಡಿಸೋವಾಗ ದೆವ್ವದ ಕತಿ ಹೇಳ್ತಿದ್ಳು ರೀ. ಸಾಲಿನ ಕೊನಿಗೆ ಬಂದ್ಲು ಅಂದ್ರ ಬಾಯಿ ಮುಚ್ಚೋಳು. ಮುಂದಿನ ಸಾಲು ಹಿಡಿದ್ರ ಮಾತ್ರ ಮುಂದಿನ ಕತಿ. ನಾವು ಹುಡ್ರು ಓಡಿ ಹೋಗಿ ಸಾಲು ಹಿಡೀತಿದ್ವಿ."

ಗಂಡನ ಜೊತೆ ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಬಂದರು. ಸೆಂಟ್ರಿಂಗ್ ಹಲಗೆಯೊಂದು ಬಲಗೈ ಮೇಲೆ ಬಿತ್ತು. ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ಸಿಮೆಂಟು ಪುಟ್ಟಿ ಎತ್ತಲಾಗದೆ ಹೂವಿಗೆ ಬಂದರೆ ಇಲ್ಲಿಯೂ ಅದೇ ಕೈ. ಉಳಿದವರು ಐದು ಮಾರು ಮುಗಿಸುವ ಹೊತ್ತಿಗೆ ಇವರದು ಒಂದು ಮುಗಿಯುತ್ತಿರಲಿಲ್ಲ. ಕೆಲಸ ಬಿಡಬೇಕೆಂದಿದ್ದ ವಾರ, ಕನಕಾಂಬರ ಸುತ್ತಿ ಬಂದಿದ್ದ ಹಳೆಯ ಪತ್ರಿಕೆಯ ಹಾಳೆಯಲ್ಲಿ ಪಟಾಲಮ್ಮನಿಗೆ ದೆವ್ವದ ಚಿತ್ರವೊಂದು ಕಂಡಿತು. "ಏನ್ ಬರ್ದವ್ರೆ, ಓದಮ್ಮಿ," ಎಂದರು. ಸಾಬಮ್ಮ ಓದಿದರು. ಹಾಳೆ ಮುಗಿಯಿತು, ಕಥೆ ಮುಗಿಯಲಿಲ್ಲ. ಮರುದಿನ ಎಲ್ಲರೂ ಉಳಿದ ಹಾಳೆ ಹುಡುಕಿದರಂತೆ.

ಈಗ ಸಾಬಮ್ಮ ಗುಜರಿ ಅಂಗಡಿಯಲ್ಲಿ ತೂಕಕ್ಕೆ ಬಿದ್ದ ಪುಸ್ತಕಗಳನ್ನು ಆರಿಸಿ ತರುತ್ತಾರೆ. ಮೊದಲು ಕೊನೆಯ ಪುಟ ಇದೆಯೇ ಎಂದು ನೋಡುತ್ತಾರೆ. "ಒಂದ್ಸಲ ಇರಲಿಲ್ರಿ. ನಾನೇ ಏನೋ ಒಂದು ಹೇಳಿ ಮುಗಿಸಿದೆ. ದೆವ್ವಕ್ಕ ಲಗ್ನ ಮಾಡಿ ಕಳಿಸಿದೆ. ಇವತ್ತಿಗೂ ಬೈತಾರ."

"ಬೈಯ್ದೆ? ಇಪ್ಪತ್ತು ದಿನ ಹೆದರ್ಸಿ ಕೊನೆಗೆ ಮದ್ವೆ ಊಟ ಹಾಕ್ಸುದ್ಲು!" ಎನ್ನುತ್ತಾರೆ ಪಟಾಲಮ್ಮ.

ಈ ಶರತ್ಕಾಲದ ಪುಸ್ತಕ ಸತ್ತ ದರ್ಜಿಯದು. ರಾತ್ರಿ ಬಂದು ಮಲಗಿದವರ ಅಳತೆ ತೆಗೆಯುತ್ತಾನೆ. ಬೆಳಿಗ್ಗೆ ಎದ್ದರೆ ಉಟ್ಟ ಬಟ್ಟೆಯ ಮೇಲೆ ಬಿಳಿ ಸೀಮೆಸುಣ್ಣದ ಗೆರೆ. ಯಾಕೆ ಅಳೆಯುತ್ತಾನೆ ಎಂಬುದು ತಿಳಿದಿಲ್ಲ. ಗಿರಾಕಿಗಳಿಗೆ ಕೊಡದೆ ಉಳಿದ ಬಟ್ಟೆ ಹೊಲಿದು ಮುಗಿಸಲು ಎಂದು ಪಟಾಲಮ್ಮನ ವಾದ; ಹೆಣಕ್ಕೆ ಹೊದಿಸುವ ಕಫನ್ ಹೊಲಿಯುತ್ತಿದ್ದಾನೆ ಎಂದು ಚಾಂದ್ ಬೀ ಅವರದು. ಬಸ್ಸಿನಲ್ಲೂ ಇದೇ ಜಗಳ. ಈ ತಿಂಗಳು ಒಬ್ಬರೂ ಒಂದು ದಿನವೂ ತಡವಾಗಿ ಬಂದಿಲ್ಲ.

ನವರಾತ್ರಿಯ ನಡುವೆ ಆಗಬಾರದ್ದು ಆಯಿತು. ಮಾಲೆ ಕಟ್ಟುವಾಗ ದಾರವನ್ನು ಹದವಾಗಿ ಎಳೆಯಬೇಕು. ಬಿಗಿ ಹೆಚ್ಚಾದರೆ ಹೂವಿನ ತೊಟ್ಟು ಕತ್ತರಿಸಿಹೋಗುತ್ತದೆ. ಅಂದು ಸಾಬಮ್ಮ ಓದುತ್ತಿದ್ದುದು ದರ್ಜಿಯ ಟೇಪು ನರ್ಸಿನ ಕುತ್ತಿಗೆ ಸುತ್ತಿ ಮೆಲ್ಲಗೆ ಬಿಗಿಯುವ ಅಧ್ಯಾಯ. ಇಂದಿರಾನಗರದಲ್ಲಿ ಮಂಟಪ ಅಲಂಕರಿಸುವವರು ಆ ಮಾಲೆಗಳನ್ನು ಎತ್ತಿ ಕಟ್ಟಿದರೆ, ನಡುವೆ ಒಂದು ಮೊಳ ಹೂವು ಪೊಳಪೊಳ ಉದುರಿತು. ಒಂದರಲ್ಲಲ್ಲ, ಆರರಲ್ಲೂ. ಮುನೀರ್ ಮಾಲೆಗಳನ್ನು ವಾಪಸು ತಂದು ಮುಂದೆ ಹಾಕಿದರು.

"ಆರು ಜನ ಕಟ್ಟಿದ್ದು, ಆರರಲ್ಲೂ ಒಂದೇ ಕಡೆ ಉದುರೋಗಿದೆ. ಏನ್ ರೋಗಮ್ಮ ಇದು?"

"ರೋಗ ಅಲ್ಲ ಮುನೀರ್ ಭಾಯ್, ಟೇಪು," ಎಂದರು ಚಾಂದ್ ಬೀ. "ಭೂತ ಟೇಪ್ ಎಳೀತು, ನಾವೂ ಎಳ್ದ್ವಿ."

ಮುನೀರ್ ನಗಲಿಲ್ಲ. "ಭೂತ ಬುಕ್ಕಲ್ಲೇ ಇರ್ಲಿ, ನನ್ ಮಾಲಿಗೆ ಯಾಕ್ ಬರುತ್ತೆ? ಆಯುಧ ಪೂಜೆ ಮಾಲಲ್ಲಿ ಇನ್ನೊಂದು ಹೂವು ಹಿಂಗ್ ಉದುರಿದ್ರೆ ಬುಕ್ ಬಂದ್. ಸಾಬಮ್ಮ, ನೀವೂ ದಾರ ಹಿಡ್ಕೊಂಡು ಕೂತ್ಕೊಳಿ."

ಉಳಿದವರಿಗೆ ಅದು ಕಥೆ ತಪ್ಪುವ ಮಾತು. ಸಾಬಮ್ಮನಿಗೆ ಹೊಟ್ಟೆಯ ಮಾತು. "ಈ ಕೈಲಿಂದ ಹಬ್ಬದ ಮಾಲು ಆಗಂಗಿಲ್ರಿ. ಪುಸ್ತಕ ಬಂದ್ ಆತು ಅಂದ್ರ ನಾನೂ ಬಂದ್ ಆದಂಗ."

ದರ್ಜಿಯನ್ನು ಬಿಟ್ಟು ಸಪ್ಪೆ ಕಥೆ ಹಿಡಿಯೋಣವೆಂದರೆ ಯಾರೂ ಒಪ್ಪಲಿಲ್ಲ. ಎರಡು ದಿನ ಯೋಚಿಸಿದ ಸಾಬಮ್ಮ ದಾರಿಯೊಂದನ್ನು ಕಂಡುಕೊಂಡರು. ಹಬ್ಬಕ್ಕೆ ಮಾಲೆಯಷ್ಟೇ ಅಲ್ಲ, ಬುಟ್ಟಿಗಟ್ಟಲೆ ಬಿಡಿ ಗುಲಾಬಿ ಎಸಳೂ ಬೇಕು. ಅದನ್ನು ಎಲ್ಲ ಮುಗಿದ ಮೇಲೆ ಬಿಡಿಸುವುದು ರೂಢಿ. ಈಗ ಸಾಬಮ್ಮ ಮನೆಯಲ್ಲೇ ಮುಂದಿನ ಪುಟಗಳನ್ನು ಓದಿಕೊಂಡು, ಭಯ ಬರುವ ಕಡೆ ಹಾಳೆಯ ಮೂಲೆ ಮಡಿಚಿ ತರುತ್ತಾರೆ. "ಅಂಜಿದಾಗ ಕೈ ಏನಾರ ಹಿಂಡಬೇಕಲ್ರಿ? ಗುಲಾಬಿ ಹಿಂಡ್ಲಿ. ಅದನ್ನ ಹೆಂಗೂ ಕೀಳೋದೇ ಅದ."

ಇಂದು ಆಯುಧ ಪೂಜೆಯ ಹಿಂದಿನ ಮುಂಜಾನೆ. ಹೊರಗೆ ಬೂದುಗುಂಬಳದ ಲಾರಿಗಳು ಹಾರನ್ ಹೊಡೆಯುತ್ತಿವೆ, ಮುನೀರ್ ಮಾಡಿಗೂ ಅಂಗಡಿಗೂ ಓಡಾಡುತ್ತಿದ್ದಾರೆ. ಪುಸ್ತಕದ ಕೊನೆಯ ಅಧ್ಯಾಯ ನಡೆದಿದೆ. ನರ್ಸು ಮೆಟ್ಟಿಲಿಳಿದು ಅಂಗಡಿಯೊಳಗೆ ಬಂದಳು. ಗೋಡೆಯ ಪಕ್ಕ ಬೀಗ ಹಾಕಿದ ಬೀರು.

"ದಾರ ಕೆಳಗಿಡ್ರಿ," ಎನ್ನುತ್ತಾರೆ ಸಾಬಮ್ಮ, ಓದುವ ದನಿಯಲ್ಲೇ. "ಗುಲಾಬಿ ತಗೋರಿ."

ಆರು ದಾರಗಳು ಮಡಿಲಿಗೆ ಬೀಳುತ್ತವೆ.

"ಬಂದ ಕಣ್ರೇ, ಬಂದ," ಎಂದು ಪಿಸುಗುಟ್ಟುತ್ತಾರೆ ಪಟಾಲಮ್ಮ. ಭಯವನ್ನು ತಡೆಯಲೆಂದು ಮಾಡಿದ ಏರ್ಪಾಡು ಭಯವನ್ನು ಇಮ್ಮಡಿ ಮಾಡಿದೆ. ಗುಲಾಬಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಇವರು ಒಬ್ಬರಿಗೊಬ್ಬರು ಒತ್ತಿಕೊಂಡು ಕೂರುತ್ತಾರೆ.

"ಬೀಗ ತಾನಾಗಿ ಕಳಚಿತು. ಒಳಗೆ ಸಾಲಾಗಿ ತೂಗುಹಾಕಿದ ಬಟ್ಟೆಗಳು. ಯಾರ ಯಾರ ಮೈಮೇಲೆ ಗೆರೆ ಬಿದ್ದಿತ್ತೋ ಅವರವರ ಅಳತೆಯವು. ಕೊನೆಯದು ಅವಳದೇ. ಮುಟ್ಟಿ ನೋಡಿದಳು. ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ..."

ಹನ್ನೆರಡು ಮುಷ್ಟಿಗಳಲ್ಲಿ ಗುಲಾಬಿ ಎಸಳೆಸಳಾಗುತ್ತದೆ. ಅಷ್ಟರಲ್ಲಿ ಮುನೀರ್ ಒಳಗೆ ಬರುತ್ತಾರೆ. ಸಾಬಮ್ಮ ಓದು ನಿಲ್ಲಿಸುತ್ತಾರೆ. ಮುನೀರ್ ಕಟ್ಟಿಟ್ಟ ಮಾಲೆಗಳನ್ನು ಒಂದೊಂದಾಗಿ ಎತ್ತಿ ಜಗ್ಗಿ ನೋಡುತ್ತಾರೆ, ಎತ್ತಿನ ಹಗ್ಗ ಕೊಳ್ಳುವವರು ಜಗ್ಗುವ ಹಾಗೆ. ನೆಲದ ಗೋಣಿಚೀಲ ಎತ್ತಿ ಕೆಳಗೆ ನೋಡುತ್ತಾರೆ. ಪಟಾಲಮ್ಮನ ಚೀಲದಡಿ ತೊಟ್ಟಿಲ್ಲದ ಒಂದು ಸೇವಂತಿಗೆ ಸಿಗುತ್ತದೆ.

"ಇದೇನು?"

"ಅದಾ? ನಾನ್ ಮುಡ್ಕೊಳಕ್ ಕಿತ್ತಿದ್ದು," ಎಂದು ಪಟಾಲಮ್ಮ ಅದನ್ನು ಅವರ ಕೈಯಿಂದ ಕಿತ್ತುಕೊಂಡು ತುರುಬಿಗೆ ಸಿಕ್ಕಿಸುತ್ತಾರೆ. "ಯಾಕಪ್ಪ, ನಾನ್ ಮುಡೀಬಾರ್ದಾ?"

ಸಾಬಮ್ಮ ಯಾರ ಮುಖವನ್ನೂ ನೋಡುವುದಿಲ್ಲ. ಮುನೀರ್ ಇನ್ನೂ ನಾಲ್ಕು ಮಾಲೆ ಜಗ್ಗುತ್ತಾರೆ. ಒಂದು ಎಸಳೂ ಕದಲುವುದಿಲ್ಲ. ಹೊರಗೆ ಗಿರಾಕಿಗಳು ಕೂಗುತ್ತಿದ್ದಾರೆ. ಆದರೂ ಮುನೀರ್ ಹೊರಗೆ ಹೋಗುವುದಿಲ್ಲ.

"ಗುಲಾಬಿ ಇನ್ನೊಂದ್ ಬುಟ್ಟಿ ಬೇಕು," ಎನ್ನುತ್ತಾರೆ.

"ಯಾರ್ಗೆ ಭಾಯ್?" ಚಾಂದ್ ಬೀ ಕೇಳುತ್ತಾರೆ.

"ಯಾರ್ಗೋ ಒಬ್ರಿಗೆ. ನೀವ್ ಓದಿ ಸಾಬಮ್ಮ. ಬೀರು ಒಳಗಿನ ಬಟ್ಟೆ ಏನಾಯ್ತು?"

ಓದು ಮುಗಿದಾಗ ಬಿಸಿಲು ಓಣಿಗೆ ಇಳಿದಿರುತ್ತದೆ. ದರ್ಜಿಯ ವಿಷಯದಲ್ಲಿ ಯಾರ ವಾದ ಗೆದ್ದಿತೆಂದು ಬರೆಯಬಾರದೆಂದು ಸಾಬಮ್ಮನ ಕೋರಿಕೆ. "ಬ್ಯಾರೆ ಅಂಗಡಿ ಹೆಣ್ಮಕ್ಕಳು ಕೇಳಾಕ ಬರ್ತೀವಿ ಅಂದಾರ್ರಿ. ಅವರಿಗಿ ಮೊದಲಿಂದ ಓದಬೇಕು." ದೀಪಾವಳಿಗೆ ಇನ್ನೂ ದಿನಗಳಿವೆ. ಇನ್ನೊಂದು ಪುಸ್ತಕ ಹುಡುಕಬೇಕು, ಇದಕ್ಕಿಂತ ಜೋರಿನದು. ಸಾಬಮ್ಮನ ಆಸೆ ಸದ್ಯಕ್ಕೆ ಅಷ್ಟೇ.

ಪಟಾಲಮ್ಮ ಸೆರಗು ಕೊಡವಿ ಎದ್ದು ಬಸ್ ನಿಲ್ದಾಣದ ಕಡೆ ಹೊರಡುತ್ತಾರೆ. ಓಣಿಯ ತಿರುವಿನಿಂದ ಕೂಗುತ್ತಾರೆ: "ಲೇ ಸಾಬಮ್ಮ, ಇವತ್ತು ನಮ್ಮನೇಲಿ ಲೈಟ್ ಆರ್ಸಲ್ಲ ಕಣೇ! ಕರೆಂಟ್ ಬಿಲ್ಲು ನೀನೇ ಕಟ್ಟು!"

ಸಾಬಮ್ಮ ಪುಸ್ತಕವನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಆ ಕಡೆಯೇ ನೋಡಿ ನಗುತ್ತಾರೆ.

"ಪ್ರಾಯದಾಗ ಹೂದ್ವಾಟಕ್ಕ ಒಬ್ಬಾಕಿನೇ ರಾತ್ರಿ ಕಾವಲು ಮಲಗ್ತಿದ್ಳಂತ್ರಿ ಆಕಿ," ಎನ್ನುತ್ತಾರೆ. "ಅಂಥಾಕಿನ್ನ ಅಂಜಿಸೀನಿ ನೋಡ್ರಿ."